ಅಡುಗೆಯವನ ಮೇಲೊಂದು ಕೊಲೆ ಆರೋಪ

ಪುತ್ತೂರು, ಸುಳ್ಯ, ಕಡಬದ ಸಮಸ್ತ ಓದುಗ ಮಹಾಶಯರ ಗಮನಕ್ಕೆ: ಕನ್ನಡ ವಿಮರ್ಶೆಯ ಸರ್ವೋಚ್ಚ ಪೀಠ ಇವತ್ತು ಬೆಳಿಗ್ಗೆ ನಮ್ಮೂರಿನ ಲೈಬ್ರರಿಯಲ್ಲಿ ಪತ್ತೆಯಾಗಿದೆ. ಅದು ಪುಸ್ತಕಗಳ ಮೊದಲ ಖಾಲಿ ಹಾಳೆ. ಓದಿದವರೆಲ್ಲ ಅಲ್ಲಿ ಪೆನ್ಸಿಲಿನಲ್ಲಿ ತೀರ್ಪು ಬರೆದಿದ್ದಾರೆ.

ಜೇನು ಸಾಕಣೆಯ ಪುಸ್ತಕದಲ್ಲಿ ಒಬ್ಬರು, "ಲೇಖಕರಿಗೆ ಒಮ್ಮೆಯೂ ಜೇನು ಕಚ್ಚಿದ ಹಾಗೆ ಕಾಣುವುದಿಲ್ಲ." ಅದರ ಕೆಳಗೆ ಇನ್ನೊಬ್ಬರು, "ನನಗೆ ಕಚ್ಚಿದೆ. ಪುಸ್ತಕ ಒಳ್ಳೆದುಂಟು." ಹಿಮಾಲಯದ ಪ್ರವಾಸಕಥನಕ್ಕೆ ಸಿಕ್ಕಿದ್ದು ಮೂರೇ ಶಬ್ದ: "ಊಟದ ವಿವರ ಸಾಲದು."

ನಾನು ಆರಿಸಿದ್ದು ಒಂದು ಪತ್ತೇದಾರಿ ಕಾದಂಬರಿ. ತೆರೆದರೆ ದಪ್ಪ ಅಕ್ಷರದಲ್ಲಿ, "ಕೊಂದದ್ದು ಅಡುಗೆಯವನು." ಸಿಟ್ಟು ನೆತ್ತಿಗೇರಿತು. ಪುಸ್ತಕವನ್ನು ಲೈಬ್ರೇರಿಯನ್ ವಿಮಲಕ್ಕನ ಮೇಜಿಗೆ ಒಯ್ದೆ.

"ಯಾರು ವಿಮಲಕ್ಕ, ಇದನ್ನು ಬರೆದ ಪಾಪಿ?"

"ನಾನೇ ಮಾರಾಯ್ರೆ. ಕೊನೆಯ ಎರಡು ಹಾಳೆ ಯಾರೋ ಹರಿದುಕೊಂಡು ಹೋಗಿದ್ದಾರೆ. ಓದಿದವರೆಲ್ಲ ಬಂದು ನನ್ನ ತಲೆ ತಿನ್ನುದು, ಕೊಂದದ್ದು ಯಾರು ಅಂತ. ಸಾಕಾಗಿ ಬರೆದೆ."

"ಅಡುಗೆಯವನೇ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ತೆಂಗಿನಕಾಯಿ ಹಾಕದೆ ಸಾಂಬಾರು ಮಾಡ್ತಾನೆ ಅವ. ಅಂಥವ ಎಂತ ಮಾಡ್ಲಿಕ್ಕೂ ಹೇಸುದಿಲ್ಲ."

ಪುಸ್ತಕ ಮನೆಗೆ ತಂದು ಅರ್ಧ ಓದಿದ್ದೇನೆ. ಅಡುಗೆಯವನು ಬಹಳ ಸಾಧು ಮನುಷ್ಯ. ನನ್ನ ಸಂಶಯವೆಲ್ಲ ಅವನ ಯಜಮಾನರ ಭಾವನ ಮೇಲೆ. ಆದರೆ ಸಾಕ್ಷ್ಯವಿರುವುದು ಆ ಎರಡು ಹಾಳೆಗಳಲ್ಲಿ. ಅವು ನಿಮ್ಮಲ್ಲಿದ್ದರೆ, ಚಕ್ಕುಲಿ ಕಟ್ಟಿ ಎಣ್ಣೆಯಾಗಿದ್ದರೂ ಅಡ್ಡಿಯಿಲ್ಲ, ದಯವಿಟ್ಟು ಲೈಬ್ರರಿಯ ಕಿಟಕಿಯಲ್ಲಿ ಇಟ್ಟುಹೋಗಿ. ವಿಮಲಕ್ಕನ ತೀರ್ಪು ಅಳಿಸಲು ರಬ್ಬರ್ ನಾನು ತರುತ್ತೇನೆ.