ಪಟ್ಟಿಯಲ್ಲಿ ಮೊದಲಿದ್ದದ್ದು

ಭದ್ರಾವತಿಯ ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು, ಯಾರೇ ದೂರು ತಂದರೂ ಕನ್ನಡಕವನ್ನು ಹಣೆಗೇರಿಸಿ, "ಬಾಯಿ ಬಿಟ್ಟು ಹೇಳ್ಬೇಕು ಮಾರಾಯ್ರೆ" ಅನ್ನುತ್ತಿದ್ದರು.

ಒಮ್ಮೆ ನಾನೊಂದು ಸಾಫ್ಟ್‌ವೇರ್ ಹಾಕಿದರೆ, ನಾನು ಕೇಳದೇ ಇದ್ದ, ಇ-ಮೇಲ್ ಸಾಗಿಸುವ ಮೇಲ್ ಸರ್ವರ್ ಎಂಬ ಇನ್ನೊಂದು ಸಾಫ್ಟ್‌ವೇರ್ ಅದರ ಬೆನ್ನಿಗೇ ಬಂದು ಕೂತಿತು. ಅವರಿಗೆ ದೂರು ಕೊಟ್ಟೆ.

"ನೀವು ಹಾಕಿದ್ದಕ್ಕೆ ಕೆಲಸ ಮಾಡೋಕೆ ಯಾವುದಾದ್ರೂ ಒಂದು ಮೇಲ್ ಸರ್ವರ್ ಬೇಕಿತ್ತು. ನಾಲ್ಕೈದು ಇದ್ವು. ಇಂಥದ್ದೇ ಅಂತ ನೀವು ಹೇಳ್ಲಿಲ್ಲ, ಕಂಪ್ಯೂಟರ್ ಪಟ್ಟಿಯಲ್ಲಿ ಮೊದಲಿದ್ದದ್ದನ್ನ ತಂತು."

"ಸ್ವಂತ ಬುದ್ಧಿಯಿಲ್ಲದ ಯಂತ್ರ" ಎಂದು ಬೈದೆ.

ಸಂಜೆ ಅವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ದುರ್ಗಿಗುಡಿಯ ಹೋಟೆಲಿನಲ್ಲಿ ಕೂರಿಸಿದೆ. ಸಪ್ಲೈಯರ್ ಬಂದು, "ಇಡ್ಲಿ, ವಡೆ, ಬನ್ಸ್, ಮಸಾಲೆದೋಸೆ" ಎಂದು ಒಂದೇ ಉಸಿರಿಗೆ ಒಪ್ಪಿಸಿದ.

"ಇಡ್ಲಿ" ಅಂದೆ.

ಎದುರಿಗೆ ಕನ್ನಡಕ ನಿಧಾನವಾಗಿ ಹಣೆಗೇರಿತು. ದಾರಿಯುದ್ದಕ್ಕೂ ನಾನು ಅವರ ಮುಂದೆ ಹೊಗಳಿದ್ದು ಅಲ್ಲಿಯ ಮಸಾಲೆದೋಸೆಯನ್ನು.