ಷಡ್ಜಕ್ಕೆ ಮುಂಚಿನ ಉಸಿರು

ಕೆಮ್ಮು ಕೇಳಿ ಮನುಷ್ಯನನ್ನು ಗುರುತಿಸುವ ವಿದ್ಯೆ ವೈದ್ಯರಿಗೆ ಮಾತ್ರ ಗೊತ್ತೆಂದು ನೀವು ತಿಳಿದಿದ್ದರೆ, ಒಂದು ಭಾನುವಾರ ಬೆಳಿಗ್ಗೆ ಆಳಂದದ ನಮ್ಮ ಮನೆಗೆ ಬನ್ನಿ. ಚಹಾ ಆರುತ್ತಿರುತ್ತದೆ, ಪತ್ರಿಕೆ ಮಡಿಕೆ ಬಿಚ್ಚದೆ ಬಿದ್ದಿರುತ್ತದೆ; ತಲೆಯ ಮೇಲಿನ ಕೂದಲಿಗಿಂತ ತಲೆಯೊಳಗಿನ ಕಾನೂನಿನ ಕಲಮುಗಳೇ ಹೆಚ್ಚಾಗಿ ಉಳಿದಿರುವ ವಕೀಲನೊಬ್ಬ ಮೊಬೈಲನ್ನು ಕಿವಿಗೊತ್ತಿಕೊಂಡು, ಎಂದೋ ತೀರಿಹೋದ ಯಾವನೋ ಗವಾಯಿ ಹಾಡುವ ಮುನ್ನ ಗಂಟಲು ಸರಿಮಾಡಿಕೊಂಡ ಸದ್ದನ್ನು ಮತ್ತೆ ಮತ್ತೆ ಕೇಳುತ್ತ, ಅದು ಕಿರಾಣಾ ಘರಾಣೆಯ ಕೆಮ್ಮೋ ಗ್ವಾಲಿಯರ್ ಘರಾಣೆಯ ಕೆಮ್ಮೋ ಎಂದು ತಲೆ ಕೆಡಿಸಿಕೊಂಡು ಕೂತಿರುತ್ತಾನೆ. ಆ ಮಹಾನುಭಾವ ನಾನೇ. ಮನೆಗೆ ಬಂದ ಕಕ್ಷಿದಾರರಿಗೆ ನನ್ನ ಹೆಂಡತಿ, ಸಾಹೇಬರು ಪೂಜೆಗೆ ಕೂತಿದ್ದಾರೆಂದು ಹೇಳಿ ಮಾನ ಉಳಿಸುತ್ತಾಳೆ.

ನಮ್ಮದೊಂದು ಒಗಟಿನ ಬಳಗವಿದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸಂಗೀತದ ಹುಚ್ಚರೆಲ್ಲ ವಾಟ್ಸಾಪಿನಲ್ಲಿ ಕೂಡಿದ್ದೇವೆ. ಪ್ರತಿ ಭಾನುವಾರ ಒಬ್ಬರು ಸಂಗೀತದ ಒಂದು ಚೂರನ್ನು ಕಳಿಸಬೇಕು. ಉಳಿದವರು ಸಂಜೆಯೊಳಗೆ ರಾಗ ಯಾವುದು, ಘರಾಣೆ ಯಾವುದು, ಹಾಡಿದವರು ಯಾರು ಎಂದು ಹೇಳಬೇಕು. ಬರೀ ಉತ್ತರ ಸಲ್ಲದು, ಕಾರಣವೂ ಬೇಕು. ಮೊದಮೊದಲು ಆಲಾಪದ ತುಣುಕುಗಳು ಬರುತ್ತಿದ್ದವು. ಪಾಂಡಿತ್ಯ ಬೆಳೆದಂತೆ ಸಂಗೀತ ಕಡಿಮೆಯಾಗುತ್ತ ಹೋಗಿ, ತಂಬೂರಿಯ ಬಿರಡೆ ತಿರುವುವ ಕಿರ್ರೆಂಬ ಸದ್ದು, ತಬಲಾದ ಮೇಲಿನ ಸುತ್ತಿಗೆಯ ಪೆಟ್ಟು, ಕೊನೆಗೆ ಕೆಮ್ಮು, ಇಲ್ಲಿಗೆ ಬಂದು ನಿಂತಿದೆ. ಹಾಡಲು ಬಾರದವರು ಕೇಳುವುದರಲ್ಲಿ ಹಟಮಾರಿಗಳಾಗುತ್ತಾರೆ ಎನ್ನುವುದಕ್ಕೆ ನಾವೇ ನಿದರ್ಶನ. ಈ ಬಳಗಕ್ಕೆ ನಾನು ತೀರ್ಪುಗಾರ. ಅರ್ಹತೆ ಇಷ್ಟೇ: ಗೊತ್ತಿಲ್ಲ ಎಂಬ ಒಂದೇ ಪದದ ಸತ್ಯವನ್ನು ಎರಡು ಪುಟ ಬರೆದು ಮುಚ್ಚುವ ಕಲೆ ನನ್ನ ವೃತ್ತಿಯಿಂದ ಬಂದದ್ದು.

ಹೋದ ಚಳಿಗಾಲದಲ್ಲಿ ಒಂದು ಭಾನುವಾರ ಜೇವರ್ಗಿಯ ಮಲ್ಲಣ್ಣನ ಸರದಿ ಬಂತು. ಮಲ್ಲಣ್ಣನದು ಬಟ್ಟೆಯ ವ್ಯಾಪಾರ. ಅದರ ಜೊತೆಗೆ ಹಳೆಯ ಕ್ಯಾಸೆಟ್ಟುಗಳನ್ನು ಎಲ್ಲಿ ಕಂಡರೂ ಕೊಂಡು ತರುವ ಚಟ. ಬಾಗಿಲು ಮುಚ್ಚಿದ ಯಾವುದೋ ಧ್ವನಿವರ್ಧಕದ ಅಂಗಡಿಯಿಂದ ತಂದ ರಾಶಿಯಲ್ಲಿ ಅವನಿಗೆ ಹೆಸರು ಬರೆಯದ ಕ್ಯಾಸೆಟ್ಟೊಂದು ಸಿಕ್ಕಿತ್ತು. ಅದರ ಚೂರನ್ನು ಕಳಿಸಿ, "ಇದು ನನಗೂ ಗೊತ್ತಿಲ್ರೆಪ, ನೀವ ಹೇಳ್ರಿ" ಅಂದ. ಭೀಮಪಲಾಸ ರಾಗ, ಗಂಡುದನಿ, ಹಿಂದೆ ಜನರ ಗದ್ದಲ. ಗಾಯಕ ಸ್ವರ ಸ್ವರವಾಗಿ ಮೇಲೇರಿ ನಿಷಾದಕ್ಕೆ ಬಂದು, ಮೇಲಿನ ಷಡ್ಜ ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಥಟ್ಟನೆ ನಿಂತು ಉಸಿರು ತೆಗೆದುಕೊಂಡು, ಆಮೇಲೆ ಷಡ್ಜ ಮುಟ್ಟುತ್ತಾನೆ. ಪ್ರತಿ ಸಲವೂ ಅಷ್ಟೇ.

ನನಗೆ ರೋಮಾಂಚನವಾಯಿತು. ಸಂಜೆಯೊಳಗೆ ಒಂದು ಪ್ರಬಂಧವನ್ನೇ ಬರೆದು ಹಾಕಿದೆ. ಇದು ಹಳೆಯ ಸ್ಪೂಲ್ ಟೇಪಿನಿಂದ ಇಳಿಸಿದ ಧ್ವನಿಮುದ್ರಣ ಎಂದೂ, ಗಾಯಕ ಸಾಧಾರಣನಲ್ಲ, ಲುಪ್ತವಾದ ಪರಂಪರೆಯೊಂದರ ಧುರೀಣ ಎಂದೂ, ಷಡ್ಜಕ್ಕೆ ಮುಂಚಿನ ಆ ನಿಲುಗಡೆ ನಾದಕ್ಕೂ ಮೌನಕ್ಕೂ ಕಟ್ಟಿದ ಸೇತುವೆ ಎಂದೂ, ಪ್ರಾಪ್ತಿಗಿಂತ ಪ್ರತೀಕ್ಷೆಯೇ ಮಧುರವೆಂಬ ತತ್ತ್ವ ಅಲ್ಲಿ ಸಾಕಾರಗೊಂಡಿದೆ ಎಂದೂ ಬರೆದೆ. ಬಳಗದವರು ಕೈಮುಗಿದ ಚಿತ್ರಗಳನ್ನು ಕಳಿಸಿದರು. ಅವುಗಳನ್ನು ಹೆಂಡತಿಗೂ ತೋರಿಸಿದೆ. ಅವಳು ತೊಗರಿಬೇಳೆ ಆರಿಸುತ್ತಿದ್ದಳು, ಕತ್ತೆತ್ತಲಿಲ್ಲ.

ಮರುದಿನ ಅಫಜಲಪುರದ ಶರಣಪ್ಪ ಮಾಸ್ತರು ಫೋನು ಮಾಡಿದರು. ನಮ್ಮ ಬಳಗದಲ್ಲಿ ನಿಜವಾಗಿ ಸಂಗೀತ ಕಲಿತವರು ಅವರೊಬ್ಬರೇ. ಎಂಬತ್ತರ ಹತ್ತಿರದ ವಯಸ್ಸು, ಮಿತಭಾಷಿ. ಅಂದು ಅವರ ದನಿ ನಡುಗುತ್ತಿತ್ತು.

"ವಕೀಲ್ರ, ಅದು ನಮ್ಮ ಗುರುಗಳ ದನಿ ರೀ. ಷಡ್ಜದ ಮುಂದ ನಿಂತು ಉಸುರು ತಗೋತಾರಲ್ಲ, ಅದ ಗುರ್ತು. ಜಗತ್ತಿನ್ಯಾಗ ಹಂಗ ಯಾರೂ ನಿಲ್ಲೂದಿಲ್ಲ. ಯಂತ್ರದಾಗ ದನಿ ಕೊಡೂದಿಲ್ಲ ಅಂತ ಹಟ ಹಿಡದಿದ್ರು, ಒಂದೂ ರೆಕಾರ್ಡ ಇಲ್ಲ. ಇತ್ತಿತ್ತಲಾಗ ನನಗ ಅವರ ಮುಖ ನೆಪ್ಪಾಗ್ತದ, ದನಿ ನೆಪ್ಪಾಗವಲ್ದು. ಮರತೇ ಹೋಯ್ತೇನೋ ಅಂತ ಹೆದರಿದ್ದೆ. ನಿಮ್ಮ ಪುಣ್ಯ, ಸಿಕ್ತು."

ಮುಂದಿನ ಸೋಮವಾರ ಗುರುಗಳ ಪುಣ್ಯಸ್ಮರಣೆ. ಅಳಿದುಳಿದ ಶಿಷ್ಯರನ್ನೂ ಗುರುಗಳ ಮಕ್ಕಳನ್ನೂ ಕರೆಸಿದ್ದೇನೆ, ಅವರೆಲ್ಲರ ಎದುರಿಗೆ ಈ ದನಿ ಕೇಳಿಸುತ್ತೇನೆ, ನೀವು ಬಂದು ಆ ಮೌನದ ಮೇಲೆ ನಾಲ್ಕು ಮಾತಾಡಬೇಕು ಅಂದರು. ಆಗಲಿ ಎಂದೆ. ನಾಲ್ಕು ಮಾತಿಗೆ ನಾನು ಎಂದೂ ಇಲ್ಲವೆಂದವನಲ್ಲ.

ಭಾಷಣದ ತಯಾರಿಗೆಂದು ಆ ಚೂರನ್ನು ಹಗಲೂ ರಾತ್ರಿ ಕೇಳತೊಡಗಿದೆ. ಗುರುವಾರ ಮಧ್ಯಾಹ್ನ ಊಟಕ್ಕೆ ಕೂತಾಗಲೂ ಹಚ್ಚಿಕೊಂಡಿದ್ದೆ. ಹೆಂಡತಿ ರೊಟ್ಟಿ ಬಡಿಸಲು ಬಂದವಳು ಹಾಗೇ ನಿಂತಳು.

"ಏನ್ರಿ, ಭಾನುವಾರದಿಂದ ನೋಡಾಕತ್ತೇನಿ. ನಿಮ್ಮ ಹಾಡು ನೀವ ಕೇಳಿ ಕೇಳಿ ತಲಿ ದೂಗಾಕತ್ತೀರಿ. ಸ್ವಲ್ಪರ ನಾಚಿಕಿ ಬ್ಯಾಡೇನು?"

"ಯಾರ ಹಾಡು?"

"ಅಯ್ಯ, ನಿಮ್ದ ರೀ! ಮಟಕಿ ಊರಾಗ ನಮ್ಮಕ್ಕನ ಲಗ್ನದಾಗ ಹಾಡಿದ್ದಿಲ್ಲೇನು? ಊಟಕ್ಕ ಎಲಿ ಹಾಕಿದ್ರೂ ಎದ್ದಿದ್ದಿಲ್ಲ. ನಮ್ಮಪ್ಪ ಅವತ್ತ ಅಂದಿದ್ರು, ಹುಡುಗ ಚಲೋ ಅದಾನ, ಹಾಡೂದೊಂದು ಬಿಡಿಸಿದ್ರ ಹೆಣ್ಣು ಕೊಡಬಹುದು ಅಂತ."

ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಮತ್ತೆ ಹಚ್ಚಿ ಕೇಳಿದೆ. ಆಲಾಪದ ಹಿಂದಿನ ಗದ್ದಲದಲ್ಲಿ ಮೈಕು ಸಿಳ್ಳೆ ಹೊಡೆಯುತ್ತಿತ್ತು. ಮದುವೆಯ ಹಂದರದಲ್ಲಿ ಆ ಸಿಳ್ಳೆಗೆ ನಾನು ಸಿಟ್ಟಾಗಿ ಧ್ವನಿವರ್ಧಕದವನನ್ನು ದುರುಗುಟ್ಟಿ ನೋಡಿದ್ದು ನೆನಪಾಯಿತು. ಹಾಡನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡವನೂ ಅವನೇ ಇರಬೇಕು. ಲುಪ್ತ ಪರಂಪರೆಯ ಧುರೀಣ ನಾನೇ. ನಾದಕ್ಕೂ ಮೌನಕ್ಕೂ ಸೇತುವೆ ಕಟ್ಟಿದವನು, ಕಾನೂನು ಕಾಲೇಜಿನ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದು, ಆ ದುಃಖ ಮರೆಯಲು ಹಾರ್ಮೋನಿಯಂ ಕಲಿಸುವ ಪೇಟಿ ಮಾಸ್ತರೊಬ್ಬರ ಹತ್ತಿರ ಎರಡು ವರ್ಷ ಸಂಗೀತ ಕಲಿತ ಹುಡುಗ. ಊರವರ ಕೆಮ್ಮನ್ನೆಲ್ಲ ಗುರುತಿಸುವ ಕಿವಿಗೆ ಸ್ವಂತ ಕಂಠ ಸಿಗಲಿಲ್ಲ. ಹೊಗಳಿಕೆಯ ಪ್ರತಿಯೊಂದು ವಾಕ್ಯವನ್ನೂ ನಾನು ನನಗೇ ಬರೆದುಕೊಂಡಿದ್ದೆ.

ಓದುಗ ಮಿತ್ರರೇ, ನಿಮ್ಮೆದುರು ಮುಚ್ಚುಮರೆ ಯಾಕೆ? ಮೊದಲ ಕ್ಷಣದಲ್ಲಿ ನನಗಾದದ್ದು ಸಂತೋಷ. ಮಾವನಿಗೆ ಬೇಡವಾದ ಕಂಠವನ್ನು ಬಲ್ಲವರು ಮಹಾಗುರುವಿನದೆಂದು ತಿಳಿದರಲ್ಲ! ಇಡೀ ಮೂರು ತಾಲ್ಲೂಕಿಗೆ ಡಂಗುರ ಸಾರಬೇಕೆನಿಸಿತು. ಆಮೇಲೆ ಮಾಸ್ತರ ನಡುಗುವ ದನಿ ನೆನಪಾಯಿತು. ಹೇಳಿದರೆ ಎಂಬತ್ತರ ಮುದುಕರ ಕೈಯಿಂದ ಅವರ ಗುರುವನ್ನು ಎರಡನೆಯ ಸಲ ಕಿತ್ತುಕೊಂಡಂತೆ. ಹೇಳದಿದ್ದರೆ ಸೋಮವಾರ ಆ ಗುರುವಿನ ಮಕ್ಕಳು ನನ್ನ ಭೀಮಪಲಾಸಕ್ಕೆ ಕಣ್ಣೀರು ಹಾಕುತ್ತಾರೆ, ಮತ್ತು ನಾನು ಎದುರಿಗೆ ನಿಂತು ಅದರ ಮೇಲೆ ಭಾಷಣ ಮಾಡುತ್ತಿರುತ್ತೇನೆ. ಹೇಳಬೇಕೆಂಬ ನನ್ನ ತುಡಿತದಲ್ಲಿ ಸತ್ಯದ ಪಾಲೆಷ್ಟು, ಜಂಬದ ಪಾಲೆಷ್ಟು ಎಂದು ಬೇರ್ಪಡಿಸಲು ನೋಡಿದೆ. ಕಿಣ್ಣಿ ಸುಲ್ತಾನ ಎಂಬ ಊರಿನ ನನ್ನ ಕಕ್ಷಿದಾರ ಅಣ್ಣತಮ್ಮಂದಿರ ಹೊಲದ ಹಿಸ್ಸೆಯನ್ನು ಬೇರ್ಪಡಿಸುವುದು ಅದಕ್ಕಿಂತ ಸುಲಭವಾಗಿತ್ತು.

ಶನಿವಾರ ಅಫಜಲಪುರಕ್ಕೆ ಹೊರಟೆ. ಹವಳಗಾದ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ದಾರಿಯುದ್ದಕ್ಕೂ ಅಡ್ಡವಾಗುತ್ತಿದ್ದವು. ಬೇರೆ ದಿನವಾದರೆ ಹಾರ್ನು ಬಾರಿಸಿ ಬೈಯುತ್ತಿದ್ದವನು ಅಂದು ಪ್ರತಿಯೊಂದು ಟ್ರ್ಯಾಕ್ಟರಿನ ಹಿಂದೆಯೂ ವಿನಯದಿಂದ ಕಾರು ನಡೆಸಿದೆ. ಊರು ಆದಷ್ಟು ತಡವಾಗಿ ಬರಲಿ ಎಂಬುದೇ ಪ್ರಾರ್ಥನೆ.

ಮಾಸ್ತರ ಮನೆಯ ಪಡಸಾಲೆಯಲ್ಲಿ ಗುರುಗಳ ಭಾವಚಿತ್ರ ಒರೆಸಿ ಇಟ್ಟಿದ್ದರು. ಪಕ್ಕದಲ್ಲಿ ಹೊಸದಾಗಿ ತಂದ ಸ್ಪೀಕರು. "ಬರ್ರಿ ಬರ್ರಿ ವಕೀಲ್ರ, ಕೂಡ್ರಿ. ಮುಂಜಾನೆಯಿಂದ ಕೇಳಾಕತ್ತೇನಿ. ಆ ಗಾಂಧಾರ ನೋಡ್ರಿ, ದೇವರ ಗಾಂಧಾರ!" ಅಂದರು. ಕೋರ್ಟಿನಲ್ಲಿ ಎಂದೂ ತೊದಲದ ನಾಲಗೆ ತೊದಲಿತು. ಚಹಾ ಬರುವ ಮುನ್ನವೇ ಎಲ್ಲ ಹೇಳಿ ಮುಗಿಸಿದೆ: ಮಟಕಿ, ಮದುವೆ, ಮೈಕಿನ ಸಿಳ್ಳೆ, ಮಾವನ ಮಾತು ಕೂಡ.

ಮಾಸ್ತರು ಮೊಬೈಲು ಬಂದ್ ಮಾಡಿದರು. ಬಹಳ ಹೊತ್ತು ಭಾವಚಿತ್ರವನ್ನು ನೋಡಿದರು. ನನಗೆ ಎದ್ದು ಓಡಬೇಕೆನಿಸಿತು. ಆಮೇಲೆ ಮತ್ತೆ ಹಚ್ಚಿ ಒಂದು ಸಲ ಕೇಳಿ, "ಹೌದ್ ಬಿಡ್ರಿ. ಗಾಂಧಾರ ಸ್ವಲ್ಪ ಇಳದದ" ಅಂದರು. ಐದು ನಿಮಿಷದ ಹಿಂದೆ ದೇವರದಾಗಿದ್ದ ಗಾಂಧಾರ ನನ್ನದಾದ ಕೂಡಲೇ ಇಳಿದದ್ದಕ್ಕೆ, ಆ ಸಂಕಟದ ನಡುವೆಯೂ, ನನಗೆ ಸಿಟ್ಟು ಬಂತೆಂದರೆ ನೀವು ನಂಬಬೇಕು.

"ಮತ್ತ ಷಡ್ಜದ ಮುಂದ ಉಸುರು ಯಾಕ ತಗೊಂಡ್ರಿ?"

"ಹಂಗ ಕಲಿಸಿದ್ರು ರೀ. ಅದು ನಮ್ಮ ಘರಾಣೆ ಪದ್ಧತಿ, ಷಡ್ಜಕ್ಕ ಮರ್ಯಾದಿ ಕೊಡೂದು ಅಂತ ನಮ್ಮ ಪೇಟಿ ಮಾಸ್ತರು ಹೇಳ್ತಿದ್ರು. ತಪ್ಪಿಸಿದ್ರ ಬೈತಿದ್ರು."

"ಯಾವ ಪೇಟಿ ಮಾಸ್ತರು? ಕಲ್ಲಪ್ಪ?"

"ಹೌದ್ರಿ."

ಮಾಸ್ತರ ಮುಖ ಮೊದಲು ಗಂಟಾಯಿತು, ಆಮೇಲೆ ಸಡಿಲಾಯಿತು, ಆಮೇಲೆ ಅವರು ನಗತೊಡಗಿದರು. ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಕಲ್ಲಪ್ಪ ನನ್ನ ಜೋಡಿ ಗುರುಗಳ ಮನ್ಯಾಗ ಇದ್ದವ. ಆರು ತಿಂಗಳಿದ್ದು ಹೇಳದ ಕೇಳದ ಓಡಿಹೋದ. ಪದ್ಧತಿ ಅಂತ ಹೇಳಿದ್ನ? ಲೇ, ಪದ್ಧತಿ ಅಲ್ಲ ಬಿಡ್ಲೇ ಅದು! ನಮ್ಮ ಗುರುಗಳಿಗಿ ದಮ್ಮಿನ ರೋಗ ಇತ್ತು. ಮ್ಯಾಲಿನ ಷಡ್ಜಕ್ಕ ಉಸುರು ಸಾಲ್ತಿದ್ದಿಲ್ಲ, ಪಾಪ, ನಿಂತು ತಗೋತಿದ್ರು."

ನಾದ, ಮೌನ, ಪ್ರತೀಕ್ಷೆ, ಪ್ರಾಪ್ತಿ: ಎರಡು ಪುಟದ ನನ್ನ ಮೀಮಾಂಸೆಯೆಲ್ಲ ಉಬ್ಬಸದ ರೋಗಿಯೊಬ್ಬರ ಏದುಸಿರಿಗೆ ಬರೆದ ಭಾಷ್ಯವಾಗಿತ್ತು. ನಾನೂ ನಕ್ಕೆ. ಆಳಂದದ ಕೋರ್ಟಿನಲ್ಲಿ ನನ್ನನ್ನು ಲೇ ಅನ್ನುವ ಗಂಡಸಿಲ್ಲ. ಮಾಸ್ತರ ಬಾಯಲ್ಲಿ ಅದು ಬಂದದ್ದು ಎಷ್ಟು ಹಿತವಾಯಿತೆಂದರೆ, ಮನೆಯವರಲ್ಲಿ ಒಬ್ಬನಾದೆ ಅನ್ನಿಸಿತು.

ನಗು ನಿಂತ ಮೇಲೆ ಅವರು ಮೆಲ್ಲಗೆ ಅಂದರು: "ಕಲ್ಲಪ್ಪಗ ದಮ್ಮಿದ್ದಿಲ್ಲ. ನಿನಗೂ ಇಲ್ಲ. ಆದ್ರೂ ನಿಂತಿ. ದನಿ ನಿಂದು, ಖರೇ. ಉಸುರು ಅವರ್ದ ಅದ. ನನ್ನ ಉತ್ತರಕ್ಕ ಅರ್ಧಾ ಮಾರ್ಕ್ಸ್ ಕೊಡಬೇಕಪ್ಪ ನೀ."

ಮಾಸ್ತರು ಮೂಲೆಯಲ್ಲಿದ್ದ ಪೇಟಿಯನ್ನು ಎಳೆದುಕೊಂಡು ಗವಸು ತೆಗೆದರು. "ಸೋಮವಾರ ಆ ಮೊಬೈಲ್ ಬ್ಯಾಡ. ಮಂದಿಗಿ ಖರೇ ಹೇಳೂಣು. ಈಗ ಹಾಡು" ಅಂದರು. ಇನ್ನು ಹಾಡುವುದಿಲ್ಲವೆಂದು ಮದುವೆಗೆ ಮುಂಚೆ ಮಾವನಿಗೆ ಕೊಟ್ಟ ಮಾತನ್ನು ಅಂದು ಮುರಿದೆ. ದನಿ ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟಿತು. ಗಾಂಧಾರ ಖಂಡಿತ ಇಳಿದಿತ್ತು, ಈ ಸಲ ನನಗೇ ಕೇಳಿಸಿತು. ಹೇಗೋ ನಿಷಾದದವರೆಗೆ ಏರಿದೆ. ಕಾರಣ ಗೊತ್ತಾದ ಮೇಲೆ ಅಲ್ಲಿ ನಿಲ್ಲುವುದು ಅಣಕಿಸಿದಂತಾದೀತೆಂದು ನೇರವಾಗಿ ಷಡ್ಜ ಹಿಡಿಯಹೋದೆ. ಮಾಸ್ತರು ಪೇಟಿಯ ಮೇಲಿಂದ ಕೈ ಎತ್ತಿದರು.

"ಬ್ಯಾಡ. ಅಲ್ಲೇ ತಗೊ."

ಮತ್ತೆ ಕೆಳಗಿನಿಂದ ಏರಿದೆ. ನಿಷಾದಕ್ಕೆ ಬಂದು ನಿಂತು ಉಸಿರು ತೆಗೆದುಕೊಂಡೆ. ಮಾಸ್ತರು ಕಣ್ಣು ಮುಚ್ಚಿ, ಬಾಗಿಲಲ್ಲಿ ಯಾರೋ ಬಂದಂತೆ, ಕಿವಿಗೊಟ್ಟು ಕೂತಿದ್ದರು. ಷಡ್ಜ ಮುಟ್ಟಲು ನಾನು ಅವಸರ ಮಾಡಲಿಲ್ಲ.