ಸರೋಜತ್ತೆಯ ಉಗಿಹಡಗು

ಸರೋಜತ್ತೆಯ ಕಾದಂಬರಿಯನ್ನು ನಾನು ಓದಿರಲಿಲ್ಲ. ಓದಿದೆನೆಂದು ಸುಳ್ಳು ಹೇಳಿದೆ. ಓದುವುದಿರಲಿ — ನನಗೆ ಕನ್ನಡದ ಅಕ್ಷರವೇ ಬರುತ್ತಿರಲಿಲ್ಲ.

ಕಾಶಿಯ ಶಿವಾಲ ಕೇರಿಯ ನಮ್ಮ ಮನೆಯಲ್ಲಿ ಮಾತೆಲ್ಲ ಕನ್ನಡವೇ; ಅಪ್ಪ ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತಿದ್ದರು. ಆದರೆ ನಾನು ಕಲಿತದ್ದು ಹಿಂದಿ ಶಾಲೆಯಲ್ಲಿ. ಅದೇ ಊರಿನ ಲಂಕಾ ಪೇಟೆಯಲ್ಲಿ ಪುಸ್ತಕದಂಗಡಿ ಇಟ್ಟುಕೊಂಡವನು, ಯಾವ ವಯಸ್ಸಿನ ಮಗುವಿಗೆ ಯಾವ ಪುಸ್ತಕವೆಂದು ಊರಿಗೆಲ್ಲ ಹೇಳುವವನು — ತಾಯ್ನುಡಿ ಓದಲು ಬಾರದೆಂದು ಯಾವ ಬಾಯಲ್ಲಿ ಹೇಳಲಿ?

ಸರೋಜತ್ತೆ ನಮ್ಮ ಪಕ್ಕದ ಕೋಣೆಯಲ್ಲಿದ್ದ ನಿವೃತ್ತ ಟೀಚರ್. ಕಾಶಿವಾಸಕ್ಕೆಂದು ಬಂದವರು ಜಪಮಾಲೆ ಬಿಟ್ಟು ಪೆನ್ನು ಹಿಡಿದರು. ನೇಕಾರರ ಹುಡುಗಿಯೊಬ್ಬಳು ಉಗಿಯಿಂದ ಹಾರುವ ಹಡಗು ಕಟ್ಟಿ, ಬ್ರಿಟಿಷರು ಕಾಶಿಯನ್ನು ಗೆಲ್ಲದಂತೆ ಮಾಡುವ ಸಾಹಸದ ಕಥೆ. ನಡೆದ ಚರಿತ್ರೆಯಲ್ಲ, ನಡೆಯಬಹುದಾಗಿದ್ದ ಚರಿತ್ರೆ. ಪಾನ್ ಕಲೆಯ ಗೋಡೆ ತೋರಿಸಿ, "ಇಲ್ಲಿ ಉಗಿಯೋರಿಗೇನು ಬರ, ಅತ್ತೆ?" ಎಂದು ರೇಗಿಸಿದ್ದೆ. ಅವರೂ ನಕ್ಕಿದ್ದರು.

ಕರ್ನಾಟಕದ ಪ್ರಕಾಶಕರೊಬ್ಬರು ಕೇಳಿದ್ದು ಇಷ್ಟೇ — ಹದಿಹರೆಯದವರ ಓದು ಬಲ್ಲ ಯಾರಾದರೂ ಶಿಫಾರಸು ಬರೆದುಕೊಟ್ಟರೆ ಅಚ್ಚು ಹಾಕುತ್ತೇವೆ. ಅತ್ತೆ ಹಸ್ತಪ್ರತಿಯನ್ನು ನನ್ನ ಕೈಗಿಟ್ಟರು. ತಿಂಗಳು ಪೂರ್ತಿ ಅಂಗಡಿಯ ಡ್ರಾಯರಿನಲ್ಲಿತ್ತು. ಯಾರಿಂದಲಾದರೂ ಓದಿಸಿ ಕೇಳಬಹುದಿತ್ತು, ನಾಚಿಕೆ ಬಿಡಲಿಲ್ಲ. ಹೊಗಳಿದರೆ ಕನ್ನಡದಲ್ಲಿ ಬರೆದುಕೊಡಬೇಕು, ಯಾವ ಭಾಗ ಹಿಡಿಸಿತೆಂದು ಹೇಳಬೇಕು... ಅದಕ್ಕೇ —

"ಓದಿದೆ ಅತ್ತೆ. ಈಗಿನ ಮಕ್ಕಳಿಗೆ ಹಿಡಿಸಲ್ಲ."

ಅವರು ಒಂದು ಪ್ರಶ್ನೆಯನ್ನೂ ಕೇಳದೆ ಕಟ್ಟನ್ನು ವಾಪಸು ತೆಗೆದುಕೊಂಡು ಹೋದರು.

ಮರುವಾರ ನಗುತ್ತಲೇ ಹೇಳಿದರು: "ಕಾಶಿಗೆ ಬಂದೋರು ಇಷ್ಟವಾದ್ದೊಂದನ್ನ ಬಿಡಬೇಕಲ್ಲಪ್ಪ. ಎಲ್ಲರ ಹಾಗೆ ಹಾಗಲಕಾಯಿ ಬಿಟ್ಟು ದೇವರಿಗೆ ಟೋಪಿ ಹಾಕೋದು ಬೇಡ ಅನ್ನಿಸ್ತು. ಬರೆದದ್ದನ್ನ ಗಂಗೆಗೆ ಬಿಟ್ಟೆ."

ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಅವರು ಮತ್ತೆ ಪೆನ್ನು ಮುಟ್ಟಲಿಲ್ಲ.

ಹೋದ ವರ್ಷ ಮಣಿಕರ್ಣಿಕೆಯಲ್ಲಿ ಅವರ ದಹನವಾಯಿತು. ಆಮೇಲೊಂದು ದಿನ ಡ್ರಾಯರು ಖಾಲಿ ಮಾಡುವಾಗ ಮೊದಲ ಅಧ್ಯಾಯದ ಹಾಳೆಗಳು ಸಿಕ್ಕವು — ವಾಪಸು ಕೊಡುವಾಗ ಕಟ್ಟಿನಿಂದ ಜಾರಿ ಅಲ್ಲೇ ಉಳಿದುಹೋದವು. ಅಂದರೆ ಅತ್ತೆ ಕಟ್ಟನ್ನು ಬಿಚ್ಚಿಯೂ ನೋಡದೆ ನೀರಿಗೆ ಬಿಟ್ಟಿದ್ದರು. ನನ್ನ ಒಂದು ಮಾತು ನಂಬಿ. ಕೂತು ಅತ್ತುಬಿಟ್ಟೆ.

ಒಂದನೇ ತರಗತಿಯ ಪುಸ್ತಕ ತರಿಸಿ ಅಕ್ಷರ ತಿದ್ದಿದೆ, ಐವತ್ತರ ಹೊಸ್ತಿಲಲ್ಲಿ. ಕಳೆದ ಭಾನುವಾರ ಹದಿಮೂರರ ಮಗಳಿಗೆ ಆ ಅಧ್ಯಾಯವನ್ನು ತಡವರಿಸುತ್ತ ಓದಿ ಹೇಳಿದೆ. ಅವಳು ಫೋನು ಪಕ್ಕಕ್ಕಿಟ್ಟು ಕೇಳಿದಳು. ಹಡಗು ಘಾಟಿನಿಂದ ಮೇಲೇಳುತ್ತದೆ, ಬಾಯ್ಲರು ಬಿರುಕು ಬಿಡುತ್ತದೆ, ಹುಡುಗಿ ಕೆಳಗೆ ನೋಡುತ್ತಾಳೆ — ಅಲ್ಲಿಗೆ ಹಾಳೆಗಳು ಮುಗಿದವು.

"ಫಿರ್ ಕ್ಯಾ ಹುವಾ, ಅಪ್ಪಾ? ಬಿದ್ದುಬಿಟ್ಟಳಾ?"

ಅದು ಗೊತ್ತಿದ್ದದ್ದು ಸರೋಜತ್ತೆಯೊಬ್ಬರಿಗೇ. ಗೊತ್ತಿಲ್ಲ ಮಗಳೇ ಎಂದೆ. ಯಾಕೆ ಗೊತ್ತಿಲ್ಲ ಎಂಬುದನ್ನೂ ಹೇಳಿದೆ, ಏನನ್ನೂ ಬಿಡದೆ. ಅವಳು ನನ್ನ ಮುಖ ನೋಡದೆ ಎದ್ದು ಹೋದಳು.